ಸಂಡೂರಿಗೆ ಬಂದ ಏಳು ಬಣ್ಣ

“ಇದನ್ನ ಯಾವೂರಿಗೆ ಒಯ್ತೀರಿ?” ಎಂದರು ಹೊಸಪೇಟೆಯ ಕಂಪ್ಯೂಟರ್ ಅಂಗಡಿಯವರು. ನನ್ನ ಮೊದಲ ಗೇಮಿಂಗ್ ಕಂಪ್ಯೂಟರಿಗೆ ಬಿಡಿಭಾಗ ಆರಿಸುತ್ತಿದ್ದ ನಾನು ಸಂಡೂರು ಎಂದೆ. ನಾನು ಮೆಚ್ಚಿದ್ದ, ಏಳು ಬಣ್ಣದ ದೀಪವಿರುವ ಗಾಜಿನ ಕ್ಯಾಬಿನೆಟ್ ಪೆಟ್ಟಿಗೆಯನ್ನು ಅವರು ಪಕ್ಕಕ್ಕಿಟ್ಟರು. “ನಿಮ್ಮೂರಿಗೆ ಇದು ಬ್ಯಾಡ್ರಿ. ಧೂಳಿಗೆ ಜಾಲರಿ ಇರೋದು ತಗೊಳ್ರಿ.”

ನನ್ನ ಬಜೆಟ್ಟಿನಲ್ಲಿ ದೀಪ, ಜಾಲರಿ ಎರಡಕ್ಕೂ ಜಾಗವಿರಲಿಲ್ಲ. ತಿಂಗಳುಗಟ್ಟಲೆ ವಿಡಿಯೊ ನೋಡಿ ಕಲಿತವನು ನಾನು. ಅವುಗಳಲ್ಲಿ ಯಾರೂ ಊರು ಕೇಳಿರಲಿಲ್ಲ. ದೀಪವನ್ನೇ ಆರಿಸಿದೆ.

ನಮ್ಮ ಮನೆ ಕಬ್ಬಿಣದ ಅದಿರಿನ ಲಾರಿಗಳು ಓಡಾಡುವ ರಸ್ತೆಯಲ್ಲಿದೆ. ಎರಡೇ ತಿಂಗಳಲ್ಲಿ ಫ್ಯಾನುಗಳು ಎಳೆದುಕೊಂಡ ಧೂಳಿನಡಿ ಏಳೂ ಬಣ್ಣಗಳು ನಮ್ಮ ಗೋಡೆಯ ಹಾಗೆ ಕೆಂಪಾದವು. ಈಗ ಆಡುವುದಕ್ಕಿಂತ ಒರೆಸುವುದೇ ಹೆಚ್ಚು. ಮೊನ್ನೆ ಅವ್ವ ಪಕ್ಕದಲ್ಲಿ ನಿಂತು ನೋಡಿ, “ಈಗ ನಮ್ಮನಿ ಸಾಮಾನು ಅನ್ನಿಸ್ತೈತಿ ನೋಡು” ಎಂದಳು.