ಗಂಗಪ್ಪನವರ ರಾಜದೂತ

ಗುಜರಿಯವನು ಗೇಟಿನ ಹತ್ತಿರ ತಕ್ಕಡಿ ಇಳಿಸಿಯಾಗಿತ್ತು. ಸತ್ತೂರಿನ ಆ ಮನೆಯ ಹಿತ್ತಲಲ್ಲಿ ವರ್ಷಗಟ್ಟಲೆ ನಿಂತು, ಸೀಟಿನ ಮೇಲೆ ಕರಿಬೇವಿನ ಕುಂಡ, ಹ್ಯಾಂಡಲ್ಲಿನ ಮೇಲೆ ನೆಲ ಒರೆಸುವ ಬಟ್ಟೆ ಹೊತ್ತುಕೊಂಡಿದ್ದ ರಾಜದೂತ ಮೋಟಾರ್ ಸೈಕಲ್ಲನ್ನು ಕೊಟ್ಟು ಕೈತೊಳೆದುಕೊಳ್ಳಬೇಕೆಂದು ಉದಯಕುಮಾರ ಅವನನ್ನು ಕರೆಸಿದ್ದ. ಅಷ್ಟರಲ್ಲಿ ಕೆಲಸ ಮುಗಿಸಿ ಬಂದ ಅವನ ಹೆಂಡತಿ ಪೂನಮ್, ಹೆಗಲ ಚೀಲ ಇಳಿಸದೆಯೇ ಕುಕ್ಕರಗಾಲಲ್ಲಿ ಕೂತು, ಎಂಜಿನ್ನಿಗೆ ಮೆತ್ತಿದ ಮಣ್ಣನ್ನು ಉಗುರಿನಿಂದ ಕೆರೆದು ನೋಡಿದಳು.

"ಇದನ್ನ ಕೊಡೂದು ಬ್ಯಾಡ. ನಾ ರಿಪೇರಿ ಮಾಡ್ತೇನಿ," ಅಂದಳು.

ಪೂನಮ್ ಹುಬ್ಬಳ್ಳಿಯ ಐಟಿಐ ಒಂದರಲ್ಲಿ ಮೋಟಾರ್ ಮೆಕ್ಯಾನಿಕ್ ವಿಭಾಗದ ಶಿಕ್ಷಕಿ. ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು ನಿಲ್ಲಿಸಿದ ಎಂಜಿನ್ನನ್ನು ಬಿಚ್ಚಿ, ಜೋಡಿಸಿ ತೋರಿಸುವುದು ಅವಳ ದಿನದ ಪಾಠ. ಆ ಎಂಜಿನ್ನು ಚಾಲೂ ಆಗುತ್ತಿತ್ತು, ಕೋಣೆ ತುಂಬ ಹೊಗೆ ಬಿಡುತ್ತಿತ್ತು, ಆದರೆ ಎಲ್ಲಿಗೂ ಹೋಗುತ್ತಿರಲಿಲ್ಲ. ತಾನು ಬಿಚ್ಚಿ ಜೋಡಿಸಿದ್ದು ಒಮ್ಮೆಯಾದರೂ ರಸ್ತೆಯ ಮೇಲೆ ಓಡಬೇಕು ಅನ್ನುವ ಆಸೆ ಅವಳಿಗೆ ಮೊದಲಿನಿಂದಲೂ ಇತ್ತು.

ಗಾಡಿ ಅವಳ ಮಾವ ಗಂಗಪ್ಪನವರದು. ಆರೋಗ್ಯ ಇಲಾಖೆಯಲ್ಲಿ ಮಲೇರಿಯಾ ಕೆಲಸಕ್ಕಿದ್ದವರು, ಮನೆಮನೆಗೆ ಹೋಗಿ ಜ್ವರ ಬಂದವರ ಬೆರಳು ಚುಚ್ಚಿ ಪರೀಕ್ಷೆಗೆ ರಕ್ತ ತರುತ್ತಿದ್ದವರು. ತಮ್ಮ ಊರಿನ ಕೇರಿಯಲ್ಲಿ ಮೊದಲು ಮೋಟಾರ್ ಸೈಕಲ್ ಕೊಂಡವರೂ ಅವರೇ. ಸೊಸೆ ಹಿತ್ತಲಲ್ಲಿ ಸ್ಪ್ಯಾನರು ಹರವಿಕೊಂಡು ಕೂತರೆ ಅವರು ಹಾಲ್‌ನಲ್ಲಿ ಪೇಪರು ಬಿಡಿಸುತ್ತಿದ್ದರು, ಆ ಕಡೆ ಹಾಯುತ್ತಿರಲಿಲ್ಲ.

"ನಿಮ್ಮ ಗಾಡಿ ಮಾಡಾಕತ್ತೇನ್ರಿ ಮಾವಾರ, ಬಂದು ನೋಡ್ರಿ," ಎಂದು ಕರೆದರೆ, "ಮಾಡವಾ, ನಿನಗ ತಿಳಿದಂಗ ಮಾಡು," ಅಂದು ಪುಟ ತಿರುವುತ್ತಿದ್ದರು. ಗಾಡಿ ಬರಿ ಹಳೆಯದಾಗಿದ್ದರೆ ಮನುಷ್ಯ ಹೀಗೆ ಮುಖ ತಿರುಗಿಸುವುದಿಲ್ಲ ಎಂದು ಪೂನಮ್‌ಗೆ ಅನ್ನಿಸಿತು. ಆದರೂ ಕೆದಕಲಿಲ್ಲ.

ರವಿವಾರಗಳು ಹಿತ್ತಲಲ್ಲೇ ಕಳೆದವು. ಪಿಸ್ಟನ್ ಸಿಲಿಂಡರಿನೊಳಗೆ ಜಾಮ್ ಆಗಿ ಕೂತಿತ್ತು. ಡೀಸೆಲ್ ಸುರಿದು ನೆನೆಯಲು ಬಿಟ್ಟು, ಕಟ್ಟಿಗೆ ಇಟ್ಟು ಮೆಲ್ಲಗೆ ಬಡಿದು ಬಡಿದು ಬಿಡಿಸಿದಳು. ಪೆಟ್ರೋಲ್ ಟಾಕಿಯ ಒಳಗಿನ ತುಕ್ಕು ಹೋಗಲೆಂದು ಸಣ್ಣ ಕಲ್ಲು ಹಾಕಿ ಗಂಡನ ತೊಡೆಯ ಮೇಲಿಟ್ಟಳು. ಅವನು ಕ್ರಿಕೆಟ್ ನೋಡುತ್ತ ಮಗುವನ್ನು ಆಡಿಸಿದಂತೆ ಅದನ್ನು ಅಲ್ಲಾಡಿಸಿದ. ಗುಜರಿಗೆ ಹಾಕಹೊರಟವನೇ ಕೊನೆಗೆ ಅಲೆದಾಡಿ ಗಾಡಿಯ ಕಾಗದಪತ್ರವನ್ನೂ ಹೊಸದು ಮಾಡಿಸಿಕೊಂಡು ಬಂದ. ಹಳೆ ಬಿಡಿಭಾಗ ಮಾರುವ ಯಾಸೀನ, "ಇದನ್ನ ಮನ್ಯಾಗ ಯಾರು ಓಡಸ್ತಾರ್ರಿ ಮೇಡಂ?" ಎಂದು ಕೇಳಿದಾಗ, "ನಾನ," ಅಂದಳು. ಅವನು ಮತ್ತೇನೂ ಕೇಳದೆ ಅಟ್ಟ ಹತ್ತಿ ಕ್ಲಚ್ ಪ್ಲೇಟು ಹುಡುಕಿ ಕೊಟ್ಟ.

ಒಂದು ಸಂಜೆ ಚಹಾ ಕೊಡುವಾಗ ಸುಮ್ಮನೆ ಮಾತಿಗೆ ಅಂದಳು: "ಎಂಜಿನ್ ಏನೂ ಸವದಿಲ್ರಿ ಮಾವಾರ. ಭಾಳ ಓಡಿಸಿಲ್ಲೇನು?"

ಗಂಗಪ್ಪ ಬಸಿಗೆ ಸುರಿದ ಚಹಾ ಕುಡಿಯದೆ ಹಾಗೇ ಹಿಡಿದುಕೊಂಡರು.

"ಓಡಿಸಿದ್ದಕ್ಕಿಂತ ದಬ್ಬಿದ್ದ ಹೆಚ್ಚು," ಅಂದರು.

ಹೆಬ್ಬಳ್ಳಿ ದಾಟಿದರೆ ಅವರ ಊರು; ಉದಯ ಹುಟ್ಟುವ ಮೊದಲು ಅವರಿದ್ದದ್ದು ಅಲ್ಲೇ. ಕೇರಿಗೆ ಹೋಗುವ ದಾರಿ ದೊಡ್ಡವರ ಓಣಿಯಲ್ಲೇ ಹಾಯ್ದು ಹೋಗುತ್ತಿತ್ತು. ಆ ಮನೆಗಳ ಕಟ್ಟೆಯ ಮುಂದೆ ಗಂಗಪ್ಪ ಗಾಡಿಯ ಮೇಲೆ ಕೂತು ಹೋಗುವ ಹಾಗಿರಲಿಲ್ಲ. ಯಾರೂ ಬೈದಿರಲಿಲ್ಲ, ಹೊಡೆದೂ ಇರಲಿಲ್ಲ. ಗಾಡಿ ತಂದ ಮೊದಲ ದಿನ ಒಬ್ಬ ಹಿರಿಯ, "ಇಳದು ಹೋಗೋ ಗಂಗ್ಯಾ," ಅಂದಿದ್ದ, ಅಷ್ಟೇ. ಅಂದಿನಿಂದ ಅವರು ಓಣಿಯ ಬಾಯಲ್ಲಿ ಎಂಜಿನ್ ಬಂದ್ ಮಾಡಿ, ಇಳಿದು, ಕೇರಿಯವರೆಗೆ ದಬ್ಬಿಕೊಂಡು ಹೋಗುತ್ತಿದ್ದರು.

"ಜ್ವರ ಬಂದಾಗ ಅದ ಕಟ್ಟಿ ಮ್ಯಾಲ ಬೆರಳು ಕೊಡ್ತಿದ್ರು ನನ್ನ ಕೈಯಾಗ. ರಕ್ತ ತಗೊಂಡು, ಮತ್ತ ಗಾಡಿ ದಬ್ಬಿಕೊಂತ ಬರ್ತಿದ್ದೆ," ಅಂದರು. "ಉದಯಗ ಇದನ್ನ ಹೇಳಿಲ್ಲ. ನೀನೂ ಹೇಳಬ್ಯಾಡ."

ಪೂನಮ್ ಬರಿದಾಗದ ಬಸಿಯನ್ನು ತೆಗೆದುಕೊಂಡು ಒಳಗೆ ಹೋದಳು. ಮರುದಿನ ಕೂತು ಬ್ರೇಕಿನ ವಾಯರು ಹಾಕಿದಳು.

ಗಾಡಿ ಚಾಲೂ ಆಗುವ ದಿನ ಅವಳು ಕಿಕ್ ಒದ್ದೂ ಒದ್ದೂ ಬೆವೆತುಹೋದಳು. ಕೊನೆಗೊಮ್ಮೆ ಢರ್ರೆಂದು ಹಿತ್ತಲೆಲ್ಲ ನೀಲಿ ಹೊಗೆಯಾಯಿತು. ತಿರುಗಿ ನೋಡಿದರೆ ಗಂಗಪ್ಪ ಬಾಗಿಲಲ್ಲಿ ನಿಂತಿದ್ದರು, ಮೂಗು ಅರಳಿಸಿ ಆ ವಾಸನೆಯನ್ನೇ ಎಳೆದುಕೊಳ್ಳುತ್ತ.

"ಊರಿಗೆ ಹೋಗಿ ಬರೂಣೇನವಾ?" ಎಂದು ಕೇಳಿದವರು ಅವರೇ.

ಮುಂದಿನ ರವಿವಾರ ಮುಂಜಾನೆ ಇಬ್ಬರೂ ಹೆಲ್ಮೆಟ್ ಹಾಕಿಕೊಂಡು ಹೊರಟರು. ಸೊಸೆ ಮುಂದೆ, ಮಾವ ಹಿಂದೆ. ಓಣಿಯ ಬಾಯಿಗೆ ಬಂದಾಗ ಪೂನಮ್‌ಳ ಕೈ ತಾನಾಗಿಯೇ ವೇಗ ತಗ್ಗಿಸಿತು. ಅವಳ ಹೆಗಲ ಮೇಲೆ ಮಾವನ ಕೈ ಬಿತ್ತು.

"ಬಂದ್ ಮಾಡಬ್ಯಾಡ," ಅಂದರು. "ಸಾವಕಾಶ ನಡಿ."

ಬಹಳಷ್ಟು ಮನೆಗಳ ಬಾಗಿಲು ಹಾಕಿದ್ದವು. ಯಾರೋ ಹೆಣ್ಣುಮಗಳು ನೀರು ತುಂಬುತ್ತ ತಲೆಯೆತ್ತಿ ನೋಡಿ ಮತ್ತೆ ಬಗ್ಗಿದಳು. ಒಂದೇ ಒಂದು ಕಟ್ಟೆಯ ಮೇಲೆ ಗಂಗಪ್ಪನವರ ವಾರಿಗೆಯ ಶಾಂತಯ್ಯ ಕೋಲು ಹಿಡಿದು ಬಿಸಿಲು ಕಾಯಿಸುತ್ತಿದ್ದ. ಅವನು ಕೈ ಎತ್ತಿದ. ಪೂನಮ್ ನಿಲ್ಲಿಸಿದಳು. ಎಂಜಿನ್ ಬಂದ್ ಮಾಡಲಿಲ್ಲ.

"ಗಂಗಪ್ಪಂದ ಗಾಡಿ ಅಲ್ಲೇನಿದು?" ಶಾಂತಯ್ಯ ಕಣ್ಣು ಕಿರಿದು ಮಾಡಿ ನೋಡಿದ. "ದಿನಾ ನೋಡ್ತಿದ್ದೆ. ಸಪ್ಪಳ ಇವತ್ತ ಕೇಳಿದೆ." ಆಮೇಲೆ, "ಇಳೀರಿ, ಚಾ ಕುಡದ ಹೋಗೀರಂತ."

"ಇನ್ನೊಮ್ಮೆ ಬರ್ತೇವ್ರಿ," ಅಂದರು ಗಂಗಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ, ಸಲಿಗೆಯೂ ಇರಲಿಲ್ಲ. "ನಡಿಯವಾ."

ಕೇರಿಯಲ್ಲಿ ಅಣ್ಣತಮ್ಮಂದಿರ ಮನೆಯಲ್ಲಿ ಉಂಡು, ಬಿಸಿಲು ಇಳಿದ ಮೇಲೆ ತಿರುಗಿ ಹೊರಟರು. ಹೆಬ್ಬಳ್ಳಿಯ ಹತ್ತಿರ ಚಹಾಕ್ಕೆ ನಿಂತಾಗ ಗಂಗಪ್ಪ ಬಂದ ರಸ್ತೆಯತ್ತ ತಿರುಗಿ, "ಓಣಿ ಎಷ್ಟ ಸಣ್ಣದೈತಿ ನೋಡು," ಅಂದರು. "ದಬ್ಬುವಾಗ ಮುಗೀತಿದ್ದಿಲ್ಲ."

ಮನೆಯಲ್ಲಿ ಉದಯಕುಮಾರ ಗೇಟು ತೆಗೆಯುತ್ತ, "ಹೆಂಗ ಓಡಿತು?" ಎಂದು ಕೇಳಿದ.

"ಕ್ಲಚ್ ಸ್ವಲ್ಪ ಜಾರತೈತಿ. ಬರೂ ರವಿವಾರ ಬಿಚ್ಚಬೇಕು," ಅಂದಳು ಪೂನಮ್.

ಗಂಗಪ್ಪ ಒಳಗೆ ಹೋಗಿ ತಮ್ಮ ಹಳೆಯ ಪಂಚೆಯೊಂದನ್ನು ಹರಿದು, ಗಾಡಿ ಒರೆಸಲು ಹಿತ್ತಲಿಗೆ ಬಂದರು.