ಪ್ರೆಸ್ ಶಾಪಿನ ಕಿವಿಗಳು

ಪೀಣ್ಯದ ಆ ಕಾರ್ಖಾನೆಯಲ್ಲಿ ಶಶಿಕಲಾಳನ್ನು ಇಷ್ಟಪಡುವವರು ಕಡಿಮೆ. ಅವಳು ಅಲ್ಲಿನ ನರ್ಸ್, ಚಿಕ್ಕಬಾಣಾವರದವಳು, ಕಡ್ಡಿ ಮುರಿದಂತೆ ಮಾತಾಡುವವಳು. ತಗಡು ಒತ್ತುವ ಪ್ರೆಸ್‌ಗಳ ಮುಂದೆ ನಿಂತು ದುಡಿಯುವವರನ್ನು ವರ್ಷಕ್ಕೊಮ್ಮೆ ಗಾಜಿನ ಗೂಡಿನೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿಸಿ, ಶಬ್ದ ಕೇಳಿದಾಗ ಗುಂಡಿ ಒತ್ತಲು ಹೇಳುವುದು ಅವಳ ಕೆಲಸ. ಹನ್ನೊಂದು ವರ್ಷಗಳ ಫಲಿತಾಂಶ ಅವಳ ಕಂಪ್ಯೂಟರಿನಲ್ಲಿತ್ತು. ಓದಬಲ್ಲವರಿಗೆ ಅದು ಹೇಳುತ್ತಿದ್ದದ್ದು ಒಂದೇ ಮಾತು: ಇವರೆಲ್ಲ ಕಿವುಡರಾಗುತ್ತಿದ್ದಾರೆ.

ಒಂದು ಸೋಮವಾರ ಬಂದು ನೋಡಿದರೆ ಕಂಪ್ಯೂಟರ್ ಬರಿದಾಗಿತ್ತು. ಮ್ಯಾನೇಜರ್ ಅಂಬರೀಶ್ ಭಾನುವಾರ ಯಾರನ್ನೋ ಕರೆಸಿ ಅದನ್ನು ಅಳಿಸಿಸಿದ್ದ. ನಿಧಾನವಾಗಿತ್ತು, ಹೊಸ ಸಾಫ್ಟ್‌ವೇರ್ ಹಾಕಬೇಕಿತ್ತು ಎಂದ. ಮುಂದಿನ ವಾರ ಸರ್ಕಾರದ ಇನ್‌ಸ್ಪೆಕ್ಟರ್ ಬರುವುದಿತ್ತು. ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಬೇರೆ ಪ್ರತಿ ಎಲ್ಲಿಯೂ ಇರಲಿಲ್ಲ. ಪ್ರತಿ ಇಡಲು ಒಂದು ಡಿಸ್ಕ್ ಕೊಡಿ ಎಂದು ಅವಳು ಎರಡು ಸಲ ಬರೆದುಕೊಟ್ಟಿದ್ದಳು. ಎರಡೂ ಸಲ ಅಂಬರೀಶ್ ಕಾಗದವನ್ನು ಓದದೇ ಬದಿಗಿಟ್ಟಿದ್ದ.

ಕಂಪ್ಯೂಟರ್ ನೋಡಿಕೊಳ್ಳುವ ಸಂಗಮೇಶ್ ಧಾರವಾಡದ ಕಡೆಯವನು. ಅವನಿಗೂ ಅಂಬರೀಶನ ಭಯವಿತ್ತು. ಆದರೂ ಬಾಗಿಲು ಮುಂದಕ್ಕೆಳೆದು ಮೆಲ್ಲಗೆ ಹೇಳಿದ:

“ಅಳಿಸೇದ ಅಂದ್ರ ಹೋತು ಅಂತಲ್ರೀ ಅಕ್ಕಾರ. ಹಳೇದರ ಮ್ಯಾಲೆ ಹೊಸಾದು ಕೂತ್ರ ಮಾತ್ರ ಹೋಗ್ತದ. ಮೊದ್ಲು ಇದನ್ನ ಬಂದ್ ಮಾಡ್ರಿ.”

ಅವಳು ಪ್ಲಗ್ಗನ್ನೇ ಕಿತ್ತಳು. ಹನ್ನೊಂದು ಗಂಟೆಗೆ ಹೊಸ ಸಾಫ್ಟ್‌ವೇರ್ ಹಾಕಲು ಬಂದವನನ್ನು ಬಾಗಿಲಲ್ಲೇ ತಡೆದಳು. ಹಿಂದೆಯೇ ಅಂಬರೀಶ್ ಬಂದ. ಅದು ಕಂಪನಿಯ ಆಸ್ತಿ, ಅವಳಪ್ಪನ ಮನೆಯದಲ್ಲ ಎಂದ.

“ಹೌದು ಸಾರ್, ಕಂಪನೀದೇ. ಈ ದಾಖಲೆ ಬೇಡ ಅಂತ ಒಂದು ಸಾಲು ಬರೆದು ಸೈನ್ ಹಾಕ್ಕೊಡಿ. ಈಗ್ಲೇ ಎದ್ದು ಹೋಗ್ತೀನಿ.”

ಅಂಬರೀಶ್ ಬರೆಯಲಿಲ್ಲ. ಕೆಲಸ ಉಳಿಯುವುದಿಲ್ಲ ನೋಡಿಕೋ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೋದ.

ಸಂಗಮೇಶ್ ಮೂಲ ಡಿಸ್ಕನ್ನು ಮುಟ್ಟದೆ ಅದರ ಪೂರ್ತಿ ನಕಲು ಮಾಡಿಕೊಂಡು, ನಕಲಿನಲ್ಲೇ ಹುಡುಕಿದ. ಮೂರು ದಿನ ಹಿಡಿಯಿತು. ನಾನೂರು ಜನರಲ್ಲಿ ಇನ್ನೂರ ಅರವತ್ತು ಜನರದು ಪೂರ್ತಿ ಸಿಕ್ಕಿತು. ಉಳಿದವು ಚೂರುಚೂರು: ಕೆಲವಕ್ಕೆ ಹೆಸರಿತ್ತು, ಅಂಕಿಯಿರಲಿಲ್ಲ, ಕೆಲವಕ್ಕೆ ಅಂಕಿಯಿತ್ತು, ಯಾರ ಕಿವಿಯೆಂದು ತಿಳಿಯುತ್ತಿರಲಿಲ್ಲ. ಪರೀಕ್ಷೆಯಾದಾಗಲೆಲ್ಲ ಕಾರ್ಮಿಕರ ಕೈಗೆ ಫಲಿತಾಂಶದ ಒಂದು ಚೀಟಿ ಕೊಡುತ್ತಿದ್ದದ್ದು ಅವಳಿಗೆ ನೆನಪಾಯಿತು. ಮನೆಯಲ್ಲಿದ್ದರೆ ತನ್ನಿ ಎಂದು ಕ್ಯಾಂಟೀನಿನಲ್ಲಿ ಎದ್ದು ನಿಂತು ಕೇಳಿದಳು.

ಅಲ್ಲಿ ಸಿಕ್ಕಿದ ಮುಖಗಳು ಅಂಬರೀಶನ ಮುಖಕ್ಕಿಂತ ಗಡುಸಾಗಿದ್ದವು. ಇಪ್ಪತ್ತೆರಡು ವರ್ಷ ದೊಡ್ಡ ಪ್ರೆಸ್ ನಡೆಸಿದ ಸಿದ್ದರಾಜು ಮರುದಿನ ತನ್ನ ಚೀಟಿಗಳನ್ನು ತಂದ. ಅವಳು ಕೈ ಚಾಚಿದಾಗ ಕೊಡಲಿಲ್ಲ. ಅವಳ ಕಣ್ಣೆದುರೇ ನಾಲ್ಕು ತುಂಡು ಮಾಡಿದ.

“ಕಿವಿ ಓಯ್ತು ಅಂತ ಬರ್ಕೊಟ್ರೆ ನನ್ನ ಮಿಷನ್ನಿಂದ ಎಬ್ಬುಸ್ತಾರೆ. ನಿಂಗೇನು, ಕುರ್ಚಿ ಮ್ಯಾಲ್ ಕುಂತಿರ್ತೀಯ.”

ಸುತ್ತಲಿದ್ದವರು ತಟ್ಟೆಯಿಂದ ತಲೆ ಎತ್ತಲಿಲ್ಲ. ಅವನು ಹೇಳಿದ್ದು ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು. ಅವನು ಅತ್ತ ಹೋದ ಮೇಲೆ ತುಂಡುಗಳನ್ನು ಆರಿಸಿಕೊಂಡು ಟೇಪ್ ಅಂಟಿಸಿದಳು. ಬೇರೆಯವರು ತಂದ ಚೀಟಿಗಳನ್ನು ಡಿಸ್ಕಿನ ಚೂರುಗಳಿಗೆ ಜೋಡಿಸಿದರೂ ಐವತ್ತು ಜನರ ದಾಖಲೆ ಕೂಡಿಬರಲೇ ಇಲ್ಲ. ಅವರ ಹೆಸರಿನ ಮುಂದೆ ‘ಕಳೆದಿದೆ’ ಎಂದು ಬರೆದಳು. ಅಂದಾಜಿನ ಅಂಕಿ ತುಂಬಲಿಲ್ಲ.

ಇನ್‌ಸ್ಪೆಕ್ಟರ್ ಕೇಳಿದಾಗ ಹೇಗೆ ಕಳೆಯಿತು, ಹೇಗೆ ಸಿಕ್ಕಿತು ಎರಡನ್ನೂ ಹೇಳಿದಳು. ಅಂಬರೀಶ್ ಅಲ್ಲೇ ನಿಂತಿದ್ದ. ಇನ್‌ಸ್ಪೆಕ್ಟರ್ ಆದೇಶದಂತೆ ತಿಂಗಳೊಳಗೆ ಪ್ರೆಸ್‌ಗಳಿಗೆ ಸದ್ದು ತಡೆಯುವ ಗೋಡೆ ಎದ್ದಿತು, ಎಲ್ಲರಿಗೂ ಕಿವಿಯ ಮುಚ್ಚಳ ಬಂತು. ಸಿದ್ದರಾಜುವನ್ನೂ ಇನ್ನಾರು ಜನರನ್ನೂ ಪ್ರೆಸ್ಸಿನಿಂದ ಎಬ್ಬಿಸಿ, ಕಡಿಮೆ ಸಂಬಳದ ಪ್ಯಾಕಿಂಗಿಗೆ ಹಾಕಿದರು. ಅಂದಿನಿಂದ ಕ್ಯಾಂಟೀನಿನಲ್ಲಿ ಶಶಿಕಲಾಳ ಮೇಜಿಗೆ ಯಾರೂ ಬಂದು ಕೂರಲಿಲ್ಲ. ಸಂಗಮೇಶನೂ ದೂರದಿಂದಲೇ ತಲೆಯಾಡಿಸಿ ಹೋಗುತ್ತಿದ್ದ.

ಮುಂದಿನ ವರ್ಷದ ಪರೀಕ್ಷೆಗೆ, ಪ್ಯಾಕಿಂಗಿನಲ್ಲಿದ್ದರೂ, ಸಿದ್ದರಾಜು ಬರಲೇಬೇಕಾಯಿತು. ಗೂಡಿನೊಳಗೆ ಕೂತು, ಶಬ್ದವಿರಲಿ ಬಿಡಲಿ, ಗುಂಡಿಯನ್ನು ಒಂದೇ ಸಮನೆ ಒತ್ತತೊಡಗಿದ. ಶಶಿಕಲಾ ಬರೆದದ್ದನ್ನು ಹೊಡೆದುಹಾಕಿ ಮೊದಲಿನಿಂದ ಶುರು ಮಾಡಿದಳು. ಅವನು ಮತ್ತೆ ಹಾಗೇ ಒತ್ತಿದ. ಅವಳು ಮತ್ತೆ ಶುರು ಮಾಡಿದಳು.