ಸಿರಪ್ ಹುಡುಕಿಕೊಂಡು ಹುಬ್ಬಳ್ಳಿಗೆ

ಕಳೆದ ಶ್ರಾವಣದಲ್ಲಿ ದಾವಣಗೆರೆಯಿಂದ ಬೆಳಗಿನ ರೈಲು ಹಿಡಿದು ನಾನೂ ನನ್ನ ಮಗಳು ಸುಮಾಳೂ ಹುಬ್ಬಳ್ಳಿಗೆ ಹೊರಟೆವು. ಸುಮಾಳಿಗೆ ಚಿಕ್ಕಂದಿನಿಂದ ಫಿಟ್ಸ್. ಗುಳಿಗೆ ಅವಳ ಗಂಟಲಲ್ಲಿ ಇಳಿಯುವುದಿಲ್ಲ. ಹುಬ್ಬಳ್ಳಿಯ ಸಣ್ಣ ಕಂಪನಿಯೊಂದರ ಸಿರಪ್ಪಿನಿಂದಲೇ ಅವಳು ಎಲ್ಲರಂತೆ ಶಾಲೆಗೆ ಹೋಗುತ್ತಿದ್ದಳು. ಅದು ನಮ್ಮೂರಿನ ಅಂಗಡಿಗಳಿಗೆ ಬರುವುದು ನಿಂತಿತು. ಡಾಕ್ಟರು ಬರೆದುಕೊಟ್ಟ ಬೇರೆ ಔಷಧ ಒಗ್ಗದೆ ತರಗತಿಯಲ್ಲೇ ಬಿದ್ದಳು. ಮನೆಯಲ್ಲಿ ಉಳಿದಿದ್ದ ಹಳೆಯದಕ್ಕೇ ಮತ್ತೆ ಬಂದೆವು; ಕಡೆಯ ಬಾಟಲಿ ತಳ ಕಾಣುತ್ತಿತ್ತು.

ಹುಬ್ಬಳ್ಳಿಯಲ್ಲಿ ಜಿಟಿಜಿಟಿ ಮಳೆ. ಸ್ಟೇಷನ್ ಹೊರಗೆ ಬಿಸಿ ಗಿರ್ಮಿಟ್ಟು ತಿಂದು ಧಾರವಾಡದ ಕಡೆಯ ಬಸ್ ಹತ್ತಿದೆವು. ಹೆಂಗಸರಿಗೆ ಟಿಕೆಟ್ ಉಚಿತವಾದ್ದರಿಂದ ಕೈಚೀಲ ಬಿಚ್ಚುವ ಪ್ರಮೇಯ ಬರಲಿಲ್ಲ. ರಾಯಾಪುರದಲ್ಲಿಳಿದು ಆ ಸಿರಪ್ ಕಂಪನಿಯ ಕಾರ್ಖಾನೆ ಹುಡುಕಿಕೊಂಡು ಹೋದೆವು.

“ಅದನ್ನ ಬಂದ್ ಮಾಡೇವ್ರಿ ಅಕ್ಕಾರ. ತಗೊಳ್ಳೋರು ಭಾಳ ಕಡಿಮಿ,” ಎಂದರು ಮ್ಯಾನೇಜರು. ನನ್ನ ಮುಖ ನೋಡಿ ದನಿ ತಗ್ಗಿಸಿದರು. “ನಮ್ಮ ದೊಡ್ಡ ಸಾಹೇಬ್ರನ್ನ ಕೇಳಿ ನೋಡ್ರಿ. ಕಮರಿಪ್ಯಾಟ್ಯಾಗ ತಮ್ಮ ಹಳೇ ಅಂಗಡ್ಯಾಗ ಕುಂತಿರ್ತಾರ.”

ಬಂದ ದಾರಿಯಲ್ಲೇ ಹುಬ್ಬಳ್ಳಿಗೆ ವಾಪಸಾದೆವು. ಕಮರಿಪೇಟೆಯ ಇಕ್ಕಟ್ಟಿನ ಓಣಿಯಲ್ಲಿತ್ತು ಅಂಗಡಿ. ದೊಡ್ಡ ಸಾಹೇಬರೆಂದರೆ ರುದ್ರಪ್ಪನವರು. ಇಲ್ಲಿಯೇ ಫಾರ್ಮಸಿಸ್ಟರಾಗಿ ದುಡಿಮೆ ಶುರು ಮಾಡಿ, ಮುಂದೆ ಕಂಪನಿ ಕಟ್ಟಿ, ವಯಸ್ಸಾದ ಮೇಲೆ ಅದನ್ನು ಮಗಳಿಗೆ ವಹಿಸಿದವರು. ಈಗ ಬಡವರಿಗೆ ಇಲ್ಲಿ ಪುಕ್ಕಟೆ ಔಷಧ ಕೊಡುತ್ತಾರೆ. ನಾವು ಹೋದಾಗ ಓದಲು ಬಾರದ ಮುದುಕಿಯೊಬ್ಬಳ ಗುಳಿಗೆ ಪೊಟ್ಟಣಗಳ ಮೇಲೆ ಸೂರ್ಯ, ಚಂದ್ರ ಬರೆಯುತ್ತಿದ್ದರು.

ನನ್ನ ಮಾತನ್ನೆಲ್ಲ ಕೇಳಿ ಅವರು ಸುಮಾಳ ಕಡೆ ತಿರುಗಿದರು. “ರುಚಿ ಹೆಂಗೈತವಾ?”

“ಮೊದಲು ಸಿಹಿ. ಆಮೇಲೆ ಕಹಿ, ಅಜ್ಜ.”

“ಖರೇ ಹೇಳಿದಿ ನೋಡು,” ಎಂದು ನಕ್ಕರು. “ನಮ್ಮ ತಂಗಿ ಗಂಗವ್ವಗೂ ಇದ ಜಡ್ಡು. ಆಕೀನೂ ಗುಳಿಗಿ ನುಂಗತಿರಲಿಲ್ಲ. ಆಕಿ ಸಲುವಾಗೇ ಮಾಡಾಕ ಹತ್ತಿದ್ದೆ ಇದನ್ನ.”

ತಮ್ಮ ಕಾರಿನಲ್ಲೇ ನಮ್ಮನ್ನು ಮತ್ತೆ ರಾಯಾಪುರಕ್ಕೆ ಕರೆದೊಯ್ದರು. ದಾರಿಯಲ್ಲಿ ಸುಮಾ ಕೇಳಿಬಿಟ್ಟಳು: “ಗಂಗವ್ವಜ್ಜಿ ಈಗ ಎಲ್ಲಿದ್ದಾರೆ?”

ಅವರು ಕಿಟಕಿಯಾಚೆ ನೋಡಿದರು. “ಇದು ತಯಾರಾಗೂದ್ರಾಗ ಆಕಿ ಹೋಗಿಬಿಟ್ಟಿದ್ಲವಾ. ನಿನ್ನಷ್ಟ ಇದ್ಲು.”

ಸುಮಾ ಅವರ ಕೈ ಹಿಡಿದುಕೊಂಡು ಕುಳಿತಳು.

ಕಾರ್ಖಾನೆಯಲ್ಲಿ ಅವರ ಮಗಳು ವಿಜಯಾ ಮೊದಲು ಒಪ್ಪಲಿಲ್ಲ. “ಅಪ್ಪಾ, ಆ ಮಷಿನ್ ಮ್ಯಾಲೆ ಈಗ ಬ್ಯಾರೆ ಔಷಧ ಮಾಡಾಕತ್ತೇವಿ.”

“ವರ್ಷದಾಗ ನಾಕು ದಿನ ಬಿಟ್ಟುಕೊಡವಾ. ಇಂಥಾ ಹುಡುಗೂರು ಎಷ್ಟು ಊರಾಗ ಅದಾರೋ.”

ವಿಜಯಾ ತಂದೆಯನ್ನೂ, ಅವರ ಕೈ ಇನ್ನೂ ಬಿಡದಿದ್ದ ಸುಮಾಳನ್ನೂ ನೋಡಿದರು. “ಆತು. ಮಾಡೂಣು,” ಎಂದು ಗೋದಾಮಿನಲ್ಲಿ ಉಳಿದಿದ್ದ ಬಾಟಲಿಗಳನ್ನು ತರಿಸಿದರು. ಮುಂದಿನವು ದಾವಣಗೆರೆಗೇ ಬರುತ್ತವೆ ಎಂದರು. ಅಂತೆಯೇ ಬಂದವು ಕೂಡ.

ರುದ್ರಪ್ಪನವರು ಬಸ್ ನಿಲ್ದಾಣದವರೆಗೂ ಬಂದರು. ಮಳೆ ನಿಂತಿತ್ತು. ಬಸ್ ಹತ್ತುವಾಗ ಸುಮಾ, “ಅಜ್ಜ, ಮತ್ತೆ ಬಂದ್ ಮಾಡಬೇಡಿ,” ಎಂದಳು.

ಅವರು ಅವಳ ತಲೆಯ ಮೇಲೆ ಕೈಯಿಟ್ಟರು. “ನಿನಗ ಇದು ಬ್ಯಾಡಾದ ದಿನ ಬಂದು ಹೇಳು. ಅವತ್ತು ಇಬ್ಬರೂ ಕೂಡೇ ಬಂದ್ ಮಾಡೂಣು.”